ಇನ್ಹೇಲರ್‌ನಿಂದ ಮಕ್ಕಳು ಸತ್ತಿದ್ದು ನಿಜವೇ? ಅಸ್ತಮಾ ಸಾವುಗಳು ಏರಿದ್ದು, ಇಳಿದದ್ದು ಹೇಗೆ?

ನಿಮ್ಮ ಪ್ರಶ್ನೆ ಇದು: ಮಗಳಿಗೆ 13 ವರ್ಷ, ಅಸ್ತಮಾ ಇದೆ. ಹಿಂದೆ ಇನ್ಹೇಲರ್‌ನಿಂದಲೇ ತುಂಬಾ ಮಕ್ಕಳು ಸತ್ತರು ಅಂತ ಎಲ್ಲೋ ಓದಿದ್ದೀರಿ. ಅದು ನಿಜವಾ, ಈಗ ಇಂಥ ಸಾವು ಹೆಚ್ಚುತ್ತಿದೆಯಾ, ಇನ್ಹೇಲರ್ ನಿಲ್ಲಿಸಬೇಕಾ ಎಂದು ಕೇಳಿದ್ದೀರಿ.

ನಿಲ್ಲಿಸಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ. ನಾನು ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ, ಓದಿದ್ದು ಫಾರ್ಮಸಿ. ಈ ಭಯದ ಮಾತು ಅಂಗಡಿಯಲ್ಲಿ ಆಗಾಗ ಕೇಳುತ್ತೇನೆ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನೀವು ಓದಿದ್ದು ಸುಳ್ಳಲ್ಲ, ಆದರೆ ಹಳೆಯದು. 1960ರ ದಶಕದಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಅಸ್ತಮಾದಿಂದ ಎಳೆಯರು ಸಾಯುವುದು ಇದ್ದಕ್ಕಿದ್ದಂತೆ ಹೆಚ್ಚಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 10ರಿಂದ 14 ವರ್ಷದ ಮಕ್ಕಳಲ್ಲಿ 1966ರ ಹೊತ್ತಿಗೆ ಸುಮಾರು ಏಳು ಪಟ್ಟು ಏರಿತ್ತು. ಆಗ ಐಸೊಪ್ರೆನಲಿನ್ ಎಂಬ ಔಷಧಿಯ ಇನ್ಹೇಲರ್ ಬಳಕೆಯಲ್ಲಿತ್ತು. ಅದರಲ್ಲೇ ಹೆಚ್ಚು ಪ್ರಮಾಣದ 'ಫೋರ್ಟ್' ಎಂಬ ಇನ್ನೊಂದು ಬಗೆಯೂ ಇತ್ತು. ಇಂಗ್ಲೆಂಡಿನಲ್ಲಿ ಡಾಕ್ಟರ ಚೀಟಿ ಇಲ್ಲದೆಯೂ ಇನ್ಹೇಲರ್ ಸಿಗುತ್ತಿತ್ತು. ಅಮೆರಿಕದಲ್ಲಿ ಫೋರ್ಟ್ ಮಾರಾಟಕ್ಕೆ ಬರಲಿಲ್ಲ, ಅಲ್ಲಿ ಸಾವು ಹಾಗೆ ಏರಲೂ ಇಲ್ಲ. 1968ರಲ್ಲಿ ಬ್ರಿಟನ್‌ನಲ್ಲಿ ಚೀಟಿ ಕಡ್ಡಾಯವಾಯಿತು. ಎಚ್ಚರಿಕೆ ಹಬ್ಬಿ ಮಾರಾಟ ಇಳಿಯಿತು, ಜೊತೆಗೆ ಸಾವೂ ಇಳಿಯಿತು.

ನ್ಯೂಜಿಲೆಂಡ್‌ನಲ್ಲಿ ಅದೇ ಮತ್ತೊಮ್ಮೆ ಆಯಿತು. ಅಲ್ಲಿಗೆ 1976ರಲ್ಲಿ ಫೆನೊಟೆರಾಲ್ ಎಂಬ ಔಷಧಿಯ ಇನ್ಹೇಲರ್ ಬಂತು. ಕೆಲವೇ ವರ್ಷಗಳಲ್ಲಿ 5ರಿಂದ 34 ವರ್ಷದವರಲ್ಲಿ ಅಸ್ತಮಾ ಸಾವು ಲಕ್ಷಕ್ಕೆ 4ರ ಹತ್ತಿರ ಹೋಯಿತು. ಫೆನೊಟೆರಾಲ್ ಮೇಲೆ ಬೆರಳು ತೋರಿಸಿದ ಅಧ್ಯಯನ ಹೊರಬಂದದ್ದು 1989ರಲ್ಲಿ. ಸರ್ಕಾರ ಅದರ ಬಳಕೆಗೆ ಕಡಿವಾಣ ಹಾಕಿತು, ಸಾವು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಅಷ್ಟು ವರ್ಷ ಎಷ್ಟೊಂದು ಮನೆಗಳು ಮಕ್ಕಳನ್ನು ಕಳೆದುಕೊಂಡವು ಎಂದು ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ.

ಸಂಶೋಧಕರು 5ರಿಂದ 34 ಎಂಬ ವಯಸ್ಸನ್ನೇ ಯಾಕೆ ಹಿಡಿಯುತ್ತಾರೆ ಅಂದರೆ, ವಯಸ್ಸಾದವರಲ್ಲಿ ಬೀಡಿ-ಸಿಗರೇಟಿನಿಂದ ಬರುವ ಶ್ವಾಸಕೋಶದ ಕಾಯಿಲೆ ಮತ್ತು ಅಸ್ತಮಾ ಬೆರೆತುಹೋಗುತ್ತವೆ. ತೀರಾ ಚಿಕ್ಕ ಮಕ್ಕಳಲ್ಲಿ ಎದೆಯ ಸೋಂಕೂ ಹಾಗೇ ಕಾಣುತ್ತದೆ. ಈ ವಯಸ್ಸಿನವರಲ್ಲಿ ಅಸ್ತಮಾ ಎಂದು ಬರೆದಿದ್ದರೆ ಹೆಚ್ಚಾಗಿ ಅದು ಅಸ್ತಮಾವೇ.

ಆಮೇಲೆ ಒಳ್ಳೆಯ ಕಾಲ ಬಂತು. 46 ದೇಶಗಳ ಲೆಕ್ಕ ನೋಡಿದರೆ ಈ ವಯಸ್ಸಿನವರಲ್ಲಿ ಸಾವು 1993ರಲ್ಲಿ ಕೋಟಿಗೆ 44 ಇದ್ದದ್ದು 2006ಕ್ಕೆ 19ಕ್ಕೆ ಇಳಿಯಿತು. ಇದಕ್ಕೆ ದೊಡ್ಡ ಕಾರಣ ದಿನವೂ ಎಳೆದುಕೊಳ್ಳುವ ಸ್ಟಿರಾಯ್ಡ್ ಇನ್ಹೇಲರ್. ಹೌದು, ಎಲ್ಲರೂ ಹೆದರುವ ಅದೇ ಸ್ಟಿರಾಯ್ಡ್. ಕೆನಡಾದ ಸಸ್ಕಾಚೆವಾನ್‌ನಲ್ಲಿ ನಡೆದ, 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ ಇಂಥ ಒಂದೊಂದು ಇನ್ಹೇಲರ್ ಹೆಚ್ಚು ಬಳಸಿದಂತೆ ಸಾವಿನ ಪ್ರಮಾಣ ಶೇ. 21ರಷ್ಟು ಕಮ್ಮಿಯಾಗುತ್ತಾ ಹೋದದ್ದು ಕಂಡಿತು. ಬೇಸರದ ಸಂಗತಿ ಅಂದರೆ 2006ರಿಂದ 2012ರವರೆಗೆ ಆ 46 ದೇಶಗಳ ಸಂಖ್ಯೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಔಷಧಿ ಇದೆ, ಆದರೂ ಮಕ್ಕಳು ಸಾಯುತ್ತಿದ್ದಾರೆ.

ಯಾಕೆ ಎಂಬುದು ಬ್ರಿಟನ್ 2014ರಲ್ಲಿ ಹೊರತಂದ ವರದಿಯಲ್ಲಿದೆ. ಅಲ್ಲಿ 195 ಅಸ್ತಮಾ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಅದರಲ್ಲಿ 28 ಮಂದಿ 20 ವರ್ಷದೊಳಗಿನವರು. ಎಷ್ಟೋ ಜನರ ಕಾಯಿಲೆ ಸೌಮ್ಯ ಅಥವಾ ಮಧ್ಯಮ ಎಂದೇ ದಾಖಲಾಗಿತ್ತು. ಹತ್ತಿರ ಹತ್ತಿರ ಅರ್ಧದಷ್ಟು ಜನ ಆ ಕೊನೆಯ ಸಲ ಸಹಾಯ ಕೇಳದೆಯೇ, ಅಥವಾ ಚಿಕಿತ್ಸೆ ಸಿಗುವ ಮೊದಲೇ ತೀರಿಕೊಂಡಿದ್ದರು. ಈ ಬಗ್ಗೆ ದಾಖಲೆ ಸಿಕ್ಕವರಲ್ಲಿ ಶೇ. 39 ಜನರಿಗೆ ಹಿಂದಿನ ವರ್ಷ ತಕ್ಷಣ ಉಸಿರು ಬಿಡಿಸುವ ಇನ್ಹೇಲರ್‌ಗಳು 12ಕ್ಕಿಂತ ಜಾಸ್ತಿ ಬರೆದುಕೊಟ್ಟಿದ್ದರು.

ನನ್ನ ಇಡೀ ಉತ್ತರ ನಿಂತಿರುವುದು ಈ ಕೊನೆಯ ಮಾತಿನ ಮೇಲೆ. ತಕ್ಷಣ ಉಸಿರು ಬಿಡಿಸುವ ಆ ಇನ್ಹೇಲರ್, ಅಂದರೆ ಸಾಲ್ಬುಟಮಾಲ್ ಎಂಬ ಔಷಧಿ ಇರುವ ನೀಲಿ ಪಂಪ್, ಶ್ವಾಸನಾಳದ ಸುತ್ತಲಿನ ಸ್ನಾಯುವನ್ನು ಸಡಿಲ ಮಾಡುತ್ತದೆ. ಐದು ನಿಮಿಷದಲ್ಲಿ ಹಾಯೆನಿಸುತ್ತದೆ. ಆದರೆ ನಾಳದೊಳಗಿನ ಬಾವು ಹಾಗೇ ಇರುತ್ತದೆ, ಕಫ ಕಟ್ಟುತ್ತಲೇ ಇರುತ್ತದೆ. ಬಾವು ಇಳಿಸುವುದು ಸ್ಟಿರಾಯ್ಡ್ ಇನ್ಹೇಲರ್. ಅದು ತಕ್ಷಣ ಏನೂ ತೋರಿಸುವುದಿಲ್ಲ, ಅದಕ್ಕೇ ಜನ ಬಿಟ್ಟುಬಿಡುತ್ತಾರೆ. ನನ್ನ ಅಂಗಡಿಗೆ ಬರುವ ಕಾಲೇಜು ಹುಡುಗರು ಬರೀ ನೀಲಿ ಪಂಪ್ ಒಯ್ಯುತ್ತಾರೆ. 'ಇನ್ನೊಂದು ಎಲ್ಲಪ್ಪಾ?' ಅಂದರೆ 'ಅದು ಅಭ್ಯಾಸ ಆಗಿಬಿಡುತ್ತಂತೆ ಅಣ್ಣಾ' ಅನ್ನುತ್ತಾರೆ. ಆ ಮಾತು ಕೇಳಿದಾಗ ನನಗೆ ನಿಜಕ್ಕೂ ಭಯವಾಗುತ್ತದೆ. ಅದು ಚಟ ಹಿಡಿಸುವ ವಸ್ತುವಲ್ಲ. ಉಸಿರಿನ ಮೂಲಕ ಹೋಗುವ ಪ್ರಮಾಣ ಮೈಕ್ರೊಗ್ರಾಂ ಲೆಕ್ಕದ್ದು, ಮಾತ್ರೆಯಲ್ಲಿ ಹೋಗುವುದು ಮಿಲಿಗ್ರಾಂ ಲೆಕ್ಕದ್ದು. ಹದಿಹರೆಯದವರಿಗೆ ಮತ್ತು ದೊಡ್ಡವರಿಗೆ ನೀಲಿ ಪಂಪ್ ಒಂದನ್ನೇ ಕೊಟ್ಟು ಸುಮ್ಮನಾಗಬಾರದು ಎಂದು ಜಾಗತಿಕ ಅಸ್ತಮಾ ಮಾರ್ಗಸೂಚಿ ಜೀನಾ 2019ರಲ್ಲೇ ಹೇಳಿದೆ.

ನಮ್ಮ ದೇಶದ ಸ್ಥಿತಿ ಇನ್ನೂ ಕಷ್ಟ. ಜಗತ್ತಿನ ಅಸ್ತಮಾ ಹೊರೆಯಲ್ಲಿ ಭಾರತದ ಪಾಲು ಸುಮಾರು ಶೇ. 13, ಸಾವಿನಲ್ಲಿ ಮಾತ್ರ ಶೇ. 40ಕ್ಕೂ ಜಾಸ್ತಿ ಎಂಬುದು ಅಂದಾಜು. ಇದು ಎಲ್ಲ ವಯಸ್ಸಿನವರೂ ಸೇರಿದ ಲೆಕ್ಕ. ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಡುವುದೇ ನಾಲ್ಕರಲ್ಲಿ ಒಂದಕ್ಕಿಂತ ಕಮ್ಮಿ. ಹಾಗಾಗಿ ನ್ಯೂಜಿಲೆಂಡ್‌ನಂತೆ ಏರಿಳಿತ ಗುರುತಿಸುವುದು ಇಲ್ಲಿ ಸಾಧ್ಯವಾಗಿಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯ ಸಮೀಕ್ಷೆಗಳಲ್ಲಿ ಅಸ್ತಮಾ ಇರುವ ಮಕ್ಕಳ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಗಿತ್ತು. ನಗರದ ಹೊಗೆ, ಧೂಳು ಎಲ್ಲರಿಗೂ ಗೊತ್ತಿರುವುದೇ.

ಇನ್ನು ನಿಮ್ಮ ಮಗಳ ವಿಷಯ. ನೀಲಿ ಪಂಪ್ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಎಂದು ಬರೆದಿಡಿ. ಸಾಮಾನ್ಯವಾಗಿ ಒಂದರಲ್ಲಿ 200 ಪಫ್ ಇರುತ್ತವೆ. ತಿಂಗಳಿಗೊಂದು ಬೇಕಾಗುತ್ತಿದ್ದರೆ ಕಾಯಿಲೆ ಹಿಡಿತದಲ್ಲಿಲ್ಲ ಎಂದೇ ಅರ್ಥ, ಡಾಕ್ಟರಿಗೆ ತೋರಿಸಿ. ಸ್ಪೇಸರ್ (ಪಂಪ್‌ಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಇಟ್ಟುಕೊಂಡೇ ಎಳೆದುಕೊಳ್ಳಲಿ, ಇಲ್ಲದಿದ್ದರೆ ಔಷಧಿ ಗಂಟಲಲ್ಲೇ ಉಳಿಯುತ್ತದೆ. ಸ್ಟಿರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಲಿ. ಹೈದರಾಬಾದಿನ ಮೀನಿನ ಪ್ರಸಾದಕ್ಕೆ ಹೋಗಿಬಂದ ಮೇಲೆ ಇನ್ಹೇಲರ್ ಬಿಡಿಸುವ ಮನೆಗಳಿವೆ, ದಯವಿಟ್ಟು ಹಾಗೆ ಮಾಡಬೇಡಿ.

ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ಪಕ್ಕೆ ಒಳಗೆ ಎಳೆಯುವುದು, ತುಟಿ ನೀಲಿಯಾಗುವುದು, ಪಂಪ್ ಹೊಡೆದರೂ ನಾಲ್ಕು ಗಂಟೆ ತಡೆಯದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮಲಗಿಸದೆ ಕೂರಿಸಿ, ಆಂಬುಲೆನ್ಸ್ ಬರುವವರೆಗೆ ಸ್ಪೇಸರ್‌ನಲ್ಲಿ ನೀಲಿ ಪಂಪ್‌ನ ಒಂದೊಂದೇ ಪಫ್ ಕೊಡುತ್ತಾ, ಹತ್ತರವರೆಗೆ ಕೊಡಬಹುದು. ಇದನ್ನೇ ಒಂದು ಚೀಟಿಯಲ್ಲಿ ಬರೆದು ಅವಳ ಕ್ಲಾಸ್ ಟೀಚರಿಗೂ ಪಿ.ಟಿ. ಮೇಷ್ಟರಿಗೂ ಕೊಟ್ಟಿಡಿ.