ಮಳೆಗಾಲ, ಮುಚ್ಚಿದ ಕೋಣೆ, ಗಾಳಿಯ ಮೀಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಶಿರಸಿಯಿಂದ ಪ್ರಶ್ನೆ: ಮನೆಯ ಒಂದು ಕೋಣೆಯಲ್ಲಿ 20 ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಮಳೆ ಹಿಡಿದರೆ ಎರಚಲಿಗೆ ಹೆದರಿ ಕಿಟಕಿ ಹಾಕಿಯೇ ಇರುತ್ತೇವೆ. ಒಂದು ಮಗುವಿಗೆ ಶೀತಜ್ವರ ಬಂದರೆ ವಾರದೊಳಗೆ ಐದಾರು ಮಕ್ಕಳಿಗೆ. ಗಾಳಿಯಲ್ಲಿ ವೈರಸ್ ಇದೆಯೇ ಎಂದು ತೋರಿಸುವ ಮೀಟರ್ ಸಿಗುತ್ತದೆಯೇ?

ಉತ್ತರ: ಮನೆಗೆ ತಂದಿಟ್ಟುಕೊಳ್ಳುವಂಥದ್ದು ಇಲ್ಲ. ಪಿಎಂ 2.5 ಮೀಟರನ್ನು ಹಾಗೆಂದು ಹೇಳಿ ಮಾರಿದರೆ ಕೊಳ್ಳಬೇಡಿ. ತೇಲುವ ಕಣಗಳ ಮೇಲೆ ಬೆಳಕು ಬಿಟ್ಟು ಲೆಕ್ಕ ಹಾಕುವ ಅದಕ್ಕೆ ಊದುಬತ್ತಿಯ ಹೊಗೆಗೂ ಕೆಮ್ಮಿನ ಹನಿಗೂ ವ್ಯತ್ಯಾಸ ತಿಳಿಯದು. ನಮ್ಮ ಮಳೆಗಾಲದ ತೇವಕ್ಕೇ ಅಂಕಿ ಏರಿಬಿಡುತ್ತದೆ. ಪ್ರಯೋಗಾಲಯದವರು ಪಂಪಿನಿಂದ ಗಾಳಿ ಎಳೆದು, ಫಿಲ್ಟರಿನಲ್ಲೋ ದ್ರವದಲ್ಲೋ ಹಿಡಿದು ಆರ್‌ಟಿ-ಪಿಸಿಆರ್ ಮಾಡುತ್ತಾರೆ. ಅದರ ಫಲಿತಾಂಶ ಬರುವಷ್ಟರಲ್ಲಿ ಮಕ್ಕಳು ಮನೆ ಸೇರಿರುತ್ತಾರೆ. 2023ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ನಿಮಿಷಕ್ಕೆ ಸುಮಾರು 1000 ಲೀಟರ್ ಗಾಳಿ ಎಳೆದು 5 ನಿಮಿಷದಲ್ಲಿ ಕೊರೊನಾ ವೈರಸ್ ಪತ್ತೆಮಾಡುವ ಯಂತ್ರದ ವಿವರ ಪ್ರಕಟಿಸಿದರು. ಲಾಮಾ ಪ್ರಾಣಿಯಿಂದ ಪಡೆದ ನ್ಯಾನೊಬಾಡಿ ಎಂಬ ಪುಟ್ಟ ಪ್ರತಿಕಾಯ ಅದರ ಸಂವೇದಕದಲ್ಲಿದೆ. ಆದರೆ ಅದು ಹಿಡಿಯುವುದು ಆ ಒಂದೇ ವೈರಸ್ಸನ್ನು.

ನೀವು ಅಳೆಯಬೇಕಾದದ್ದು ಉಸಿರನ್ನು. ಬಿಟ್ಟ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 40,000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು); ಹೊರಗಿನ ಗಾಳಿಯಲ್ಲಿ ಸುಮಾರು 420. ಕೋಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಮೀಟರ್ 800 ತೋರಿಸಿದರೆ ಮಕ್ಕಳು ಎಳೆದುಕೊಳ್ಳುವ ಗಾಳಿಯ ನೂರರಲ್ಲಿ ಒಂದು ಪಾಲು ಇನ್ನೊಬ್ಬರು ಬಿಟ್ಟದ್ದು. 2000 ಆದರೆ ನೂರಕ್ಕೆ ನಾಲ್ಕು ಪಾಲು. ಮೀಟರನ್ನು ಕುಳಿತ ಮಗುವಿನ ತಲೆಯ ಎತ್ತರದಲ್ಲಿ, ಕಿಟಕಿಯಿಂದಲೂ ಯಾರ ಮುಖದಿಂದಲೂ ಒಂದು ಮೀಟರಿಗಿಂತ ದೂರ ಇಡಿ. ಪಾಠ ಶುರುವಾಗಿ ಅರ್ಧ ಗಂಟೆಯ ನಂತರದ ಅಂಕಿಯನ್ನು ನಂಬಿ. 800ರ ಒಳಗಿದ್ದರೆ ಚೆನ್ನ.

ಏರಿದರೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಿಮ್ಮನ್ನೂ ಸೇರಿಸಿ 21 ಜನಕ್ಕೆ 210 ಲೀಟರ್, ಅಂದರೆ ಗಂಟೆಗೆ 756 ಘನ ಮೀಟರ್. ಪೆಟ್ಟಿಗೆಯ ಮೇಲಿನ ಸಿಎಂಎಚ್ (ಗಂಟೆಗೆ ಘನ ಮೀಟರ್) ಅಂಕಿ ಅಡೆತಡೆಯಿಲ್ಲದೆ ತಿರುಗುವಾಗಿನದು, ಆದ್ದರಿಂದ 1000ಕ್ಕೆ ಮೇಲಿನದನ್ನೇ ತನ್ನಿ. ಎಲ್ಲರೂ ತಪ್ಪುವುದು ಮುಂದೆ: ಗಾಳಿ ಒಳಬರಲು ದಾರಿ ಬಿಡುವುದಿಲ್ಲ, ಫ್ಯಾನ್ ಸುಮ್ಮನೆ ಸದ್ದು ಮಾಡುತ್ತದೆ. ಎದುರು ಗೋಡೆಯಲ್ಲಿ, ಜಗುಲಿ ಕಡೆಯ ಕಿಟಕಿ ತೆರೆದಿರಲಿ. ಅಲ್ಲಿಗೆ ಎರಚಲು ಬಾರದು. ಹಳೆಯ ಹಂಚಿನ ಮಾಡಿನಲ್ಲಿ ಸಂದಿಗಳಿಂದಲೇ ಗಾಳಿ ಆಡುತ್ತಿತ್ತು, ಸ್ಲ್ಯಾಬಿನ ಮನೆಗೆ ಆ ಅನುಕೂಲವಿಲ್ಲ.

ಕಾರವಾರದಿಂದ ಪ್ರಶ್ನೆ: ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದರೆ ಮೀಟರ್ 3000 ತೋರಿಸುತ್ತದೆ, ಕೋಣೆಯಲ್ಲಿ ಯಾರೂ ಇಲ್ಲ. ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಅದು ಅಳೆಯುವುದೇ ಬೇರೆ. ಅಗ್ಗದ ಮೀಟರುಗಳಲ್ಲಿರುವ ಲೋಹದ ಆಕ್ಸೈಡ್ ಸಂವೇದಕ ರಾಸಾಯನಿಕ ಆವಿಗಳನ್ನು ಹಿಡಿದು ಕಾರ್ಬನ್ ಡೈಆಕ್ಸೈಡ್ ಇಷ್ಟಿರಬಹುದೆಂದು ಊಹಿಸುತ್ತದೆ. ಸ್ಯಾನಿಟೈಸರ್ ಹನಿಸಿದ ಹತ್ತಿಯನ್ನು ಹತ್ತಿರ ಹಿಡಿಯಿರಿ. ಅಂಕಿ ಜಿಗಿದರೆ ಅಂಥದ್ದೇ. ವಿವರದಲ್ಲಿ ‘ಎನ್‌ಡಿಐಆರ್’ ಎಂದಿರುವುದನ್ನು ಕೊಳ್ಳಿ. ಅದು ಅವಕೆಂಪು ಬೆಳಕು ಎಷ್ಟು ಹೀರಲ್ಪಟ್ಟಿತು ಎಂದು ನೋಡುತ್ತದೆ.

ಇದಕ್ಕೂ ಒಂದು ದೋಷವಿದೆ. ಹಲವು ಮೀಟರುಗಳು ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನು ಹೊರಗಾಳಿ ಎಂದು ತಿಳಿದು ತಾವೇ ತಿದ್ದಿಕೊಳ್ಳುತ್ತವೆ. ಸದಾ ಮುಚ್ಚಿದ ಕೋಣೆಯಲ್ಲಿದ್ದರೆ ಕೆಟ್ಟ ಗಾಳಿಯನ್ನೂ 400 ಎನ್ನತೊಡಗುತ್ತವೆ. ವಾರಕ್ಕೊಮ್ಮೆ ಗಾಳಿಯಾಡುವ ನೆರಳಿನಲ್ಲಿ 20 ನಿಮಿಷ ಇಡಿ. ಎಸಿ ಕೋಣೆಯಿಂದ ನೇರವಾಗಿ ಕಡಲ ಗಾಳಿಗೆ ಒಯ್ದರೆ ಒಳಗೆ ಬೆವರು ಕಟ್ಟಿ ಅಂಕಿ ಹಾಳಾಗುತ್ತದೆ. ಜಿಪ್ ಚೀಲದಲ್ಲಿ ಮುಚ್ಚಿ ಒಯ್ದು, ಹೊರಗಿನ ಬಿಸಿಗೆ ಬಂದ ಮೇಲೆ ತೆಗೆಯಿರಿ.

ಕುಮಟಾದಿಂದ ಪ್ರಶ್ನೆ: ಅಂಗಡಿಯಲ್ಲಿ ಸ್ಪ್ಲಿಟ್ ಎಸಿ, ಹೆಪಾ ಫಿಲ್ಟರ್ ಯಂತ್ರ ಎರಡೂ ಇವೆ. ಮೀಟರ್ 1400ರಿಂದ ಇಳಿಯುವುದೇ ಇಲ್ಲ. ಹೆಪಾ ದಂಡವೇ?

ಉತ್ತರ: ದಂಡವಲ್ಲ. ಹೆಪಾ ಕಣಗಳನ್ನು ಹಿಡಿಯುತ್ತದೆ, ಅನಿಲವನ್ನಲ್ಲ. ವೈರಸ್ ಹೊತ್ತ ಹನಿ ಸಿಕ್ಕಿಬಿದ್ದರೂ ಮೀಟರಿಗೆ ಕಾಣದು. ಸಾಮಾನ್ಯ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊರಗಿನದನ್ನು ತರುವುದಿಲ್ಲ. ಗಾಳಿ ಗಂಟೆಗೆ ಎಷ್ಟು ಬಾರಿ ಬದಲಾಗುತ್ತಿದೆ ಎಂಬ ಲೆಕ್ಕವನ್ನು ಹೀಗೆ ಹಾಕಿ. ಅಂಗಡಿ ಮುಚ್ಚುವಾಗ ಎಲ್ಲರೂ ಹೊರಬಂದು ಮೀಟರನ್ನು ಒಳಗೆ ಬಿಡಿ. ಒಳಗೆ 1420, ಹೊರಗೆ 420 ಇದ್ದರೆ ಹೆಚ್ಚುವರಿ 1000. ಅದು 370ಕ್ಕೆ ಇಳಿಯಲು, ಅಂದರೆ ಮೀಟರ್ 790 ತೋರಿಸಲು, ಒಂದು ಗಂಟೆ ಹಿಡಿದರೆ ಹೊರಗಾಳಿ ಗಂಟೆಗೆ ಒಮ್ಮೆ ಮಾತ್ರ ಬದಲಾಗುತ್ತಿದೆ. 4 ಮೀಟರ್ ಅಗಲ, 5 ಮೀಟರ್ ಉದ್ದ, 3 ಮೀಟರ್ ಎತ್ತರದ ಅಂಗಡಿ 60 ಘನ ಮೀಟರ್. ಹೆಪಾದ ಸಿಎಡಿಆರ್, ಅಂದರೆ ಅದು ಕೊಡುವ ಶುದ್ಧ ಗಾಳಿ, ಗಂಟೆಗೆ 240 ಘನ ಮೀಟರ್ ಇದ್ದರೆ ಅದು ಗಂಟೆಗೆ 4 ಬಾರಿ ಗಾಳಿ ಬದಲಾದದ್ದಕ್ಕೆ ಸಮ. ಒಟ್ಟು 5. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಹೇಳಿದ ಕನಿಷ್ಠವೂ 5. ಫಿಲ್ಟರ್ ಕಟ್ಟಿಕೊಂಡರೆ ಈ 4 ಉಳಿಯುವುದಿಲ್ಲ, ಹೊತ್ತಿಗೆ ಸರಿಯಾಗಿ ಬದಲಿಸಿ.

ಸಿದ್ದಾಪುರದಿಂದ ಪ್ರಶ್ನೆ: ಮಂಗನ ಕಾಯಿಲೆಯೂ ಹೀಗೆಯೇ ಗಾಳಿಯಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುತ್ತದೆಯೇ?

ಉತ್ತರ: ಇಲ್ಲ. ಅದು ಉಣುಗು ಕಚ್ಚಿ ಬರುವ ರೋಗ. ಕಾಡಿಗೆ, ಬೆಟ್ಟಕ್ಕೆ ಹೋಗುವಾಗ ಮೈತುಂಬ ಬಟ್ಟೆ, ಆರೋಗ್ಯ ಇಲಾಖೆ ಕೊಡುವ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ. ಮೀಟರಿಗೆ ಇಲ್ಲಿ ಕೆಲಸವಿಲ್ಲ.