ಕುಣಿಸಿದ್ದೇ ತಪ್ಪಾಯಿತೇ?

ಪತ್ರ: ಹೋದ ಸಂಚಿಕೆಯಲ್ಲಿ ನ್ಯೂಯಾರ್ಕ್‌ನ ಶೀಕ್ ತಂಡಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಮೂರ್ನಾಲ್ಕು ವರ್ಷ ಜನರನ್ನು ಕುಣಿಸಿ ಮೂಲೆ ಸೇರಿದ ಡಿಸ್ಕೋ ತಂಡ ಅದು. ಕುಣಿಯಲಿಕ್ಕೆ ಮಾಡಿದ ಸದ್ದನ್ನೂ ಸಂಗೀತ ಅನ್ನಬೇಕೇ?
– ಒಬ್ಬ ಓದುಗ, ಶಿವಮೊಗ್ಗ

ಉತ್ತರ: ಒಂದು ಮಾತು ಒಪ್ಪಿದೆ. ಶೀಕ್‌ನ ದೊಡ್ಡ ಹಾಡುಗಳೆಲ್ಲ 1977ರಿಂದ 1979ರೊಳಗೇ ಬಂದವು. 1983ಕ್ಕೆ ತಂಡವೂ ಒಡೆಯಿತು. ಆಯ್ತಲ್ಲ, ಇನ್ನು ನನ್ನ ಸರದಿ.

ಇವತ್ತು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅವರ ‘ಗುಡ್ ಟೈಮ್ಸ್’ ಕೇಳಿ. ಹಾಡುವವರನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಕೆಳಗೆ ಬರ್ನಾರ್ಡ್ ಎಡ್ವರ್ಡ್ಸ್ ಅವರ ಬಾಸ್ ಗಿಟಾರ್ ಇದೆ. ಒಂದೇ ಸ್ವರವನ್ನು ಮೂರು ಸಲ ತಟ್ಟುತ್ತದೆ, ಒಂದು ಗಳಿಗೆ ತಡೆಯುತ್ತದೆ, ಆಮೇಲೆ ಮೆಟ್ಟಿಲು ಹತ್ತಿದ ಹಾಗೆ ಮೇಲೇರುತ್ತದೆ. ಅದೇ 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್‌ನವರು ಆ ಬಾಸನ್ನೇ ಇಟ್ಟುಕೊಂಡು ‘ರ‍್ಯಾಪರ್ಸ್ ಡಿಲೈಟ್’ ಮಾಡಿದರು. ರ‍್ಯಾಪ್ ಅನ್ನುವುದೊಂದು ಇದೆ ಅಂತ ಎಷ್ಟೋ ಜನಕ್ಕೆ ಗೊತ್ತಾಗಿದ್ದೇ ಆ ಹಾಡಿನಿಂದ. ಆದರೆ ಅದರಲ್ಲಿ ಎಡ್ವರ್ಡ್ಸ್, ಶೀಕ್‌ನ ಗಿಟಾರ್ ವಾದಕ ನೈಲ್ ರಾಜರ್ಸ್ ಇಬ್ಬರ ಹೆಸರು ಸೇರಿದ್ದು ಅವರು ತಕರಾರು ತೆಗೆದ ಮೇಲೆ! ನೀವು ಸದ್ದು ಅಂದಿರಿ. ಆ ಸದ್ದು ಬೇಕಾದವರು ಕೇಳದೆಯೇ ಎತ್ತಿಕೊಂಡು ಹೋದರು.

ಇನ್ನೊಂದು ಕಥೆ. 1977ರ ಕೊನೆಯ ರಾತ್ರಿ ಸ್ಟುಡಿಯೋ 54 ಅನ್ನುವ ಕ್ಲಬ್ಬಿಗೆ ಗಾಯಕಿ ಗ್ರೇಸ್ ಜೋನ್ಸ್ ಎಡ್ವರ್ಡ್ಸ್‌ರನ್ನೂ ರಾಜರ್ಸ್‌ರನ್ನೂ ಕರೆದಿದ್ದರು. ಬಾಗಿಲಲ್ಲಿದ್ದವನು ಒಳಗೆ ಬಿಡಲಿಲ್ಲ. ಒಳಗೆ ಕುಣಿಯುತ್ತಿದ್ದದ್ದು ಇವರಂಥವರ ಹಾಡಿಗೇ ಅಲ್ವಾ? ಸಿಟ್ಟಿನಲ್ಲಿ ಮನೆಗೆ ಹೋಗಿ ಗಿಟಾರ್ ಬಾರಿಸುತ್ತಾ ಅವನಿಗೆ ಕೆಟ್ಟದಾಗಿ ಬೈದರು. ಬೈಗುಳವನ್ನು ಸ್ವಲ್ಪ ತಿದ್ದಿದ ಮೇಲೆ ಅದೇ ‘ಲೆ ಫ್ರೀಕ್’ ಆಯಿತು. ಅಮೆರಿಕದ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನ.

ನಿಮ್ಮ ಹಾಗೆ ಯೋಚಿಸುವವರು ಆಗಲೂ ಇದ್ದರು, ಬೇಜಾರು ಮಾಡಿಕೊಳ್ಳಬೇಡಿ. 1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ಮರುತಿಂಗಳೇ ‘ಗುಡ್ ಟೈಮ್ಸ್’ ಮೊದಲ ಸ್ಥಾನಕ್ಕೆ ಬಂತು. ಆಮೇಲೆ ಶೀಕ್‌ಗೆ ಅಂಥ ಹಾಡು ಸಿಗಲಿಲ್ಲ, ನಿಜ. ಆದರೆ 1983ರಲ್ಲಿ ಗಾಯಕ ಡೇವಿಡ್ ಬೋವಿಗೆ, ಮರುವರ್ಷ ಗಾಯಕಿ ಮಡೋನಾಗೆ ಆಲ್ಬಂ ಮಾಡಿಕೊಟ್ಟದ್ದು ಯಾರು? ಇದೇ ರಾಜರ್ಸ್. ಎಡ್ವರ್ಡ್ಸ್ 1996ರಲ್ಲಿ ಟೋಕಿಯೋದಲ್ಲಿ ಕಾರ್ಯಕ್ರಮ ಮುಗಿಸಿ ಹೋಟೆಲಿನಲ್ಲೇ ನ್ಯುಮೋನಿಯಾದಿಂದ ತೀರಿಕೊಂಡರು. ಅವರ ಬಾಸ್ ಗೊತ್ತಿರುವವರಲ್ಲಿ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು?

ನನ್ನ ಹೊಟ್ಟೆಯುರಿ ಇರುವುದು ಅಲ್ಲೇ. ನಮ್ಮ ಸಿನಿಮಾ ಹಾಡುಗಳದ್ದೂ ಇದೇ ಪಾಡು. ಗಾಯಕರ ಹೆಸರು ಬಾಯಿಪಾಠ, ಡೋಲಕ್ ಬಾರಿಸಿದವರು ಯಾರು ಅಂದರೆ ಉತ್ತರ ಇಲ್ಲ. ಮದುವೆ ಮನೆಯಲ್ಲಿ ಮಾತ್ರ ಕಾಲು ಕುಣಿಯುವುದು ಅದೇ ಡೋಲಕ್ಕಿಗೆ.

ಮುಂದಿನ ಸಂಚಿಕೆಯಲ್ಲಿ ಶೀಕ್‌ನ ಡ್ರಮ್ಮರ್ ಟೋನಿ ಥಾಂಪ್ಸನ್‌ಗೆ ಒಂದು ಪುಟ ಇಟ್ಟಿದ್ದೇನೆ. ಬೈಯುವುದಿದ್ದರೆ ಪತ್ರ ಈಗಲೇ ಬರೆದಿಟ್ಟುಕೊಳ್ಳಿ.
– ಸಂಪಾದಕ