ರೆಸಾರ್ಟೋ, ಊರು ಸುತ್ತೋದೋ? ಮೊದಲು ಅಡುಗೆ ಮಾಡುವವರನ್ನು ಕೇಳಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಏಪ್ರಿಲ್ ಕೊನೆಯಲ್ಲಿ ಮೂರು ದಿನ ರಜೆ ಸಿಕ್ಕಿದೆ. ನಿಮ್ಮ ಯಜಮಾನರಿಗೆ ಊಟ, ತಿಂಡಿ, ಕಾಫಿ ಎಲ್ಲ ಸೇರಿದ ರೆಸಾರ್ಟ್ ಪ್ಯಾಕೇಜ್ ಬೇಕು. ನಿಮಗೆ "ಸುಮ್ನೆ ಮಲಗೋಕೆ ಅಷ್ಟು ದುಡ್ಡು ಯಾಕೆ, ಹಂಪಿ ಬಾದಾಮಿ ನೋಡಿಕೊಂಡು ಬರೋಣ" ಅನ್ನಿಸುತ್ತಿದೆ. ಜೊತೆಗೆ ಅತ್ತೆ, ಮಾವ, ಏಳು ವರ್ಷದ ಮಗ. ಯಾವುದು ಸರಿ ಅಂತ ಕೇಳಿದ್ದೀರಿ.

ಈ ಸಲ ರೆಸಾರ್ಟಿಗೆ ಹೋಗಿ. ನಾನು ಊರು ಸುತ್ತುವ ಪಾರ್ಟಿಯವನು, ಆದರೂ ಹೀಗೆ ಹೇಳುತ್ತಿದ್ದೇನೆ. ಕಾರಣ ಸ್ವಲ್ಪ ಉದ್ದ ಇದೆ.

ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ, ಶಿಡ್ಲಘಟ್ಟದ ಪಕ್ಕದ ಹಳ್ಳಿ. ರೇಷ್ಮೆ ಹುಳು ಸಾಕುತ್ತೇವೆ. ಎರಡು ಸೀಮೆ ಹಸು ಇವೆ. ನಮಗೆ ರಜೆ ಅಂದರೆ ಕ್ಯಾಲೆಂಡರಿನ ಕೆಂಪು ದಿನ ಅಲ್ಲ. ಚಾಕಿ, ಅಂದರೆ ಮರಿ ಹುಳು, ಮನೆಗೆ ಬಂದ ದಿನದಿಂದ ಗೂಡು ಮಾರ್ಕೆಟ್ಟಿಗೆ ಹೋಗುವವರೆಗೆ ಮೂರು ವಾರದ ಮೇಲೆ ಯಾರೂ ಎಲ್ಲೂ ಅಲ್ಲಾಡುವ ಹಾಗಿಲ್ಲ, ಅದರಲ್ಲೂ ನಾಲ್ಕನೇ ಜ್ವರ (ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ) ಎದ್ದ ಮೇಲೆ ಹುಳು ತಿನ್ನುವ ಸೊಪ್ಪು ನೋಡಿದರೆ ಮನೆಯವರಿಗೆಲ್ಲ ಜ್ವರ ಬರಬೇಕು. ಗೂಡು ಬಿಡಿಸಿ ಮಾರಿ, ಹುಳು ಮನೆ ತೊಳೆದು, ಬ್ಲೀಚಿಂಗ್ ಹೊಡೆದು ಒಣಗಲು ಬಿಟ್ಟಾಗ ನಾಲ್ಕೈದು ದಿನ ಕೈ ಬಿಡುವಾಗುತ್ತದೆ. ಟ್ರಿಪ್ ಏನಿದ್ದರೂ ಆಗಲೇ. ಆ ನಾಲ್ಕು ದಿನಕ್ಕೆ ನಮ್ಮ ಮನೆಯಲ್ಲಿ ನಡೆಯುವ ಜಗಳ ನಿಮ್ಮ ಮನೆಯ ಜಗಳಕ್ಕಿಂತ ಜಾಸ್ತಿಯೇ ಇರುತ್ತದೆ.

ಮೊದಲು ನಡೆದದ್ದು ಟಿಟಿ ಟ್ರಿಪ್, ಅಂದರೆ ಟೆಂಪೋ ಟ್ರಾವೆಲರ್ ಬಾಡಿಗೆಗೆ ಹಿಡಿದು. ನೆಂಟರೆಲ್ಲ ಸೇರಿ ಹದಿನಾಲ್ಕು ಜನ. ಶ್ರವಣಬೆಳಗೊಳ, ಹಳೇಬೀಡು, ಬೇಲೂರು, ಒಂದೇ ದಿನದಲ್ಲಿ ಮೂರೂ. ಪ್ಲಾನ್ ಹಾಕಿದ್ದು ನಮ್ಮ ಚಿಕ್ಕಪ್ಪ. ಅವರು ರಿಟೈರ್ಡ್ ಮೇಷ್ಟ್ರು, ಹೋದ ಕಡೆಯಲ್ಲೆಲ್ಲ ಪುಟ್ಟ ನೋಟ್‌ಬುಕ್ ತೆಗೆದು ಜಾಗದ ಹೆಸರು, ತಲುಪಿದ ಟೈಮು ಬರೆದುಕೊಳ್ಳುತ್ತಾರೆ. ನಮ್ಮೂರಿಂದ ಬೇಲೂರಿಗೆ 280 ಕಿಲೋಮೀಟರ್ ಹತ್ತಿರ ಆಗುತ್ತದೆ. ಹೋಗಿ ಬರುವುದು ಅಂದರೆ 550 ದಾಟುತ್ತದೆ. ಇದನ್ನು ಒಂದೇ ದಿನದಲ್ಲಿ ಮುಗಿಸಬಹುದು ಅಂತ ಮೇಷ್ಟ್ರು ಲೆಕ್ಕ ಹಾಕಿ ತೋರಿಸಿದಾಗ ಯಾರೂ ತುಟಿ ಬಿಚ್ಚಲಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಗಾಡಿ ಹೊರಟಿತು. ಅಮ್ಮ ಎದ್ದದ್ದು ಒಂದೂವರೆಗೆ. ಹದಿನಾಲ್ಕು ಜನಕ್ಕೆ ಪುಳಿಯೋಗರೆ, ಮೊಸರನ್ನ, ಚಪಾತಿ, ಕಡ್ಲೆಕಾಯಿ ಚಟ್ನಿ ಪುಡಿ. ಹಿಂದಿನ ದಿನವೇ ಒಂದು ಡಬ್ಬ ನಿಪ್ಪಟ್ಟು ಕರಿದಿಟ್ಟಿದ್ದಳು. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲಿ ಹತ್ತಬೇಕು. ಅಮ್ಮನಿಗೆ ಮಂಡಿ ನೋವು. ಡೋಲಿ ಇತ್ತು, ಆದರೆ ಮನುಷ್ಯರ ಹೆಗಲ ಮೇಲೆ ಕೂತು ದೇವರನ್ನು ನೋಡಲ್ಲ ಅಂದಳು. ಕೆಳಗೆ ಎಲ್ಲರ ಚಪ್ಪಲಿ, ಬ್ಯಾಗು, ಸ್ಟೀಲ್ ಡಬ್ಬಗಳನ್ನು ಕಾಯುತ್ತಾ ಕೂತಳು. ನಾವು ಮೇಲೆ ಹೋಗಿ 58 ಅಡಿಯ ಗೊಮ್ಮಟನ ಮುಂದೆ ಬಾಯಿ ಬಿಟ್ಟುಕೊಂಡು ನಿಂತೆವು. ಕ್ರಿ.ಶ. 981ರಲ್ಲಿ ನಿಂತ ಮೂರ್ತಿ ಅಂತ ಚಿಕ್ಕಪ್ಪ ಎಲ್ಲರಿಗೂ ಪಾಠ ಮಾಡಿದರು. ಕೆಳಗೆ ಬಂದಾಗ ಅಮ್ಮ ಚಪಾತಿ ಹಂಚಲು ರೆಡಿಯಾಗಿದ್ದಳು.

ಹಳೇಬೀಡಿನಲ್ಲಿ ಡ್ರೈವರ್ ಕೊಟ್ಟದ್ದು ಮುಕ್ಕಾಲು ಗಂಟೆ. ಆ ಹೊರಗೋಡೆ ನೋಡಿದ್ದೀರಾ? ಕೆಳಗಿನ ಸಾಲಿನಲ್ಲಿ ಆನೆಗಳು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಇನ್ನೂ ಮೇಲೆ ರಾಮಾಯಣ ಮಹಾಭಾರತದ ಕಥೆ. ಮುಕ್ಕಾಲು ಗಂಟೆಯಲ್ಲಿ ಆನೆಗಳ ಸಾಲನ್ನೂ ಸರಿಯಾಗಿ ನೋಡಿ ಮುಗಿಸಲಾಗುವುದಿಲ್ಲ. ಬೇಲೂರು ತಲುಪುವ ಹೊತ್ತಿಗೆ ಬಿಸಿಲು ಇಳಿದಿತ್ತು, ಕನ್ನಡಿ ಹಿಡಿದ ಶಿಲಾಬಾಲಿಕೆ ದರ್ಪಣ ಸುಂದರಿ ಎಲ್ಲಿ ಅಂತ ಹುಡುಕುವಷ್ಟರಲ್ಲಿ ಟಿಟಿಯಿಂದ ಹಾರ್ನ್ ಶುರುವಾಯಿತು, ಎರಡು ಮಕ್ಕಳು ವಾಂತಿ ಮಾಡಿಕೊಂಡಿದ್ದವು. ಮನೆ ಸೇರಿದ್ದು ರಾತ್ರಿ ಎರಡಕ್ಕೆ. ಅಮ್ಮ ಆ ಹೊತ್ತಲ್ಲೂ ಡಬ್ಬಗಳನ್ನೆಲ್ಲ ತೊಳೆದಿಟ್ಟೇ ಮಲಗಿದಳು. ಯಾಕೆಂದರೆ ಬೆಳಗ್ಗೆ ಆ ಡಬ್ಬಗಳು ನೆಂಟರಿಗೆ ವಾಪಸ್ ಹೋಗಬೇಕಿತ್ತು.

ಆ ಟ್ರಿಪ್ಪಿನಲ್ಲಿ ಅಮ್ಮ ಏನು ನೋಡಿದಳು? ನಾನು ಆಗ ಕೇಳಲೇ ಇಲ್ಲ. ಫೋಟೋಗಳಲ್ಲಿ ಎಲ್ಲ ಕಡೆ ಇದ್ದಾಳೆ, ಕೈಯಲ್ಲಿ ಒಂದು ಬ್ಯಾಗು.

ಅದಾದ ಎರಡು ವರ್ಷಕ್ಕೆ ಬೆಂಗಳೂರಲ್ಲಿರುವ ಅಕ್ಕ, ಭಾವ ನಮ್ಮನ್ನು ಸಕಲೇಶಪುರದ ಕಡೆ ಒಂದು ರೆಸಾರ್ಟಿಗೆ ಕರೆದುಕೊಂಡು ಹೋದರು. ಎರಡು ರಾತ್ರಿ, ಎಲ್ಲ ಸೇರಿ ತಲೆಗೆ ಇಷ್ಟು ಅಂತ. ರೇಟು ಕೇಳಿದ ಮೇಲೆ ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ತಲುಪಿದ ಮೇಲೆ ಮೊದಲು ಹೋಗಿ ನಿಂತದ್ದು ಸ್ವಿಮ್ಮಿಂಗ್ ಪೂಲಿನ ಪಕ್ಕ. "ಇದಕ್ಕೆ ಎಷ್ಟು ನೀರು ಹಿಡಿಯುತ್ತೆ?" ಅಂದರು. ನಾನು ಹೆಜ್ಜೆ ಹಾಕಿ ಅಳೆದೆ. ಹದಿನೈದು ಮೀಟರ್ ಉದ್ದ, ಏಳು ಮೀಟರ್ ಅಗಲ, ಆಳ 1.2 ಮೀಟರ್ ಅಂದುಕೊಂಡರೂ 1 ಲಕ್ಷ 26 ಸಾವಿರ ಲೀಟರ್. ನಮ್ಮ ಕಡೆ ಬರುವ 6 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 21 ಲೋಡು. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯವರು ನಾವು, ಬೋರ್‌ವೆಲ್ ಕೊರೆಸಿ ಕೊರೆಸಿ ಸೋತವರು. ಅಪ್ಪ ಕೊನೆಯವರೆಗೂ ಆ ನೀರಿಗೆ ಕಾಲಿಡಲಿಲ್ಲ.

ಆದರೆ ಅಮ್ಮ! ಬೆಳಗ್ಗೆ ಎಂಟೂವರೆಗೆ ಎದ್ದಳು. ನನಗೆ ಬುದ್ಧಿ ಬಂದಾಗಿನಿಂದ ಇದು ನಡೆದದ್ದಿಲ್ಲ, ಹುಷಾರಿಲ್ಲವೇನೋ ಅಂತ ಅಕ್ಕ ಹಣೆ ಮುಟ್ಟಿ ನೋಡಿದಳು. ವರಾಂಡದ ಕುರ್ಚಿಯಲ್ಲಿ ಕೂತಿದ್ದವಳಿಗೆ ಒಬ್ಬ ಹುಡುಗ ಕಾಫಿ ತಂದು ಕೊಟ್ಟ. ಅವಳು ಎದ್ದು ನಿಂತು ತೆಗೆದುಕೊಂಡಳು. ಕೂತೇ ತಗೊಳ್ಳಿ ಅಮ್ಮ ಅಂತ ಅವನು ಎರಡು ಸಲ ಹೇಳಬೇಕಾಯಿತು. ಬಫೆಯಲ್ಲಿ ತಟ್ಟೆ ಹಿಡಿದು ನಿಂತಾಗ ಬಡಿಸುವವನು ಹಾಕುತ್ತಲೇ ಇದ್ದ, ಇವಳು ಗಾಬರಿಯಲ್ಲಿ ಮನೆ ಭಾಷೆಗೆ ಬಂದು "ಚಾಲು, ಚಾಲು" ಅಂದಳು, ಸಾಕು ಅಂತ (ನಮ್ಮ ಕಡೆ ಅರ್ಧ ಮನೆಗಳಲ್ಲಿ ತೆಲುಗೇ, ಗೊತ್ತಲ್ವಾ). ಊಟ ಆದ ಮೇಲೆ ತಟ್ಟೆಯನ್ನು ಎಲ್ಲಿ ತೊಳೆಯಬೇಕು ಅಂತ ಹುಡುಕುತ್ತಿದ್ದಳು. ಎರಡನೇ ದಿನಕ್ಕೆ ಅಭ್ಯಾಸವಾಯಿತು. ಮಧ್ಯಾಹ್ನ ಮಲಗಿದಳು, ಸಂಜೆ ಮೊಮ್ಮಗಳ ಜೊತೆ ಚೌಕಾಬಾರ ಆಡಿದಳು, ರಾತ್ರಿ ಮತ್ತೆ ಮಲಗಿದಳು. ಏನೂ ನೋಡಲಿಲ್ಲ. ನೋಡಬೇಕು ಅಂತ ಅವಳಿಗೆ ಅನ್ನಿಸಲೂ ಇಲ್ಲ.

ಅಪ್ಪನಿಗೆ ಮಾತ್ರ ಎರಡನೇ ದಿನ ಹತ್ತು ಗಂಟೆಗೇ ಕಾಲು ತುರಿಸತೊಡಗಿತು. ತೋಟದ ಮಾಲಿಯ ಹತ್ತಿರ ಹೋಗಿ ಕಾಫಿ ಗಿಡದ ಬಗ್ಗೆ, ಕೂಲಿಯ ಬಗ್ಗೆ ಒಂದು ಗಂಟೆ ಮಾತಾಡಿಕೊಂಡು ಬಂದರು. ಆಮೇಲೆ ನಾವಿಬ್ಬರೂ ಆಟೋ ಹಿಡಿದು ಮಂಜರಾಬಾದ್ ಕೋಟೆಗೆ ಹೋದೆವು. ಟಿಪ್ಪು ಕಟ್ಟಿಸಿದ್ದು, ನಕ್ಷತ್ರದ ಆಕಾರ, ಎಂಟು ಮೂಲೆ. ಒಳಗೆ ನಿಂತರೆ ನಕ್ಷತ್ರ ಗಿಕ್ಷತ್ರ ಏನೂ ಕಾಣುವುದಿಲ್ಲ, ಗೋಡೆಯ ಮೇಲೆ ಸುತ್ತು ಹಾಕುವಾಗ ಮೂಲೆ ಮೇಲೆ ಮೂಲೆ ಬರುತ್ತಾ ಹೋದ ಹಾಗೆ ನಿಧಾನಕ್ಕೆ ತಲೆಗೆ ಹತ್ತುತ್ತದೆ. ಅಪ್ಪ ಎರಡು ಸುತ್ತು ಹಾಕಿದರು. ಕೆಳಗಿಳಿದು ರಸ್ತೆ ಬದಿಯ ಹೋಟೆಲಿನಲ್ಲಿ ಅಕ್ಕಿ ರೊಟ್ಟಿ ತಿಂದೆವು. ರೆಸಾರ್ಟಿನಲ್ಲಿ ಊಟಕ್ಕೆ ದುಡ್ಡು ಕೊಟ್ಟಿದ್ದರೂ ಹೊರಗೆ ತಿಂದದ್ದಕ್ಕೆ ಭಾವ ಆಮೇಲೆ ಬೇಜಾರು ಮಾಡಿಕೊಂಡರು. ಆದರೆ ನಿಜ ಹೇಳಬೇಕು, ಆ ಮೂರು ದಿನದಲ್ಲಿ ಮಲೆನಾಡಿನ ರುಚಿ ಅಂತ ಸಿಕ್ಕಿದ್ದು ಆ ರೊಟ್ಟಿಯಲ್ಲಿ ಮಾತ್ರ. ಬಫೆಯಲ್ಲಿ ಪನೀರು, ಗೋಬಿ ಮಂಚೂರಿ, ಜಾಮೂನು. ಚಿಕ್ಕಬಳ್ಳಾಪುರದ ಯಾವ ಮದುವೆಗೆ ಹೋದರೂ ಅದೇ ಸಿಗುತ್ತದೆ. ಎಲ್ಲ ಸೇರಿದ ಪ್ಯಾಕೇಜಿನ ಮೇಲೆ ನನ್ನ ದೊಡ್ಡ ತಕರಾರು ಇದೇ. ದುಡ್ಡು ಮೊದಲೇ ಕಟ್ಟಿಬಿಟ್ಟಿರುತ್ತೇವೆ, ಹಾಗಾಗಿ ಗೇಟು ದಾಟಲು ಮನಸ್ಸು ಬರುವುದಿಲ್ಲ, ಗೇಟಿನ ಹೊರಗೆ ಎಳನೀರು ಮಾರುವವನಿಗೆ ನಾವು ಬಂದದ್ದೂ ಒಂದೇ, ಬರದಿದ್ದದ್ದೂ ಒಂದೇ.

ಈಗಲೂ ನಮ್ಮ ಮನೆಯಲ್ಲಿ ಇದು ತೀರ್ಮಾನವಾಗಿಲ್ಲ. ಆ ದುಡ್ಡಿಗೆ ಎರಡು ಸಲ ಧರ್ಮಸ್ಥಳಕ್ಕೆ ಹೋಗಿ ಬರಬಹುದಿತ್ತು ಅಂತಾರೆ ಅಪ್ಪ. "ವಾರವೆಲ್ಲ ಹೆಬ್ಬಾಳ ಫ್ಲೈಓವರ್ ಮೇಲೆ ಕಾರು ಓಡಿಸ್ತೀನಿ, ರಜೇಲೂ ಓಡಿಸಬೇಕಾ?" ಇದು ಭಾವನ ವಾದ, ತಪ್ಪು ಅನ್ನಲಾಗುವುದಿಲ್ಲ. ಚಿಕ್ಕಪ್ಪನ ನೋಟ್‌ಬುಕ್ಕಿನಲ್ಲಿ ರೆಸಾರ್ಟಿಗೆ ಜಾಗವೇ ಇಲ್ಲ, ಅಲ್ಲಿ ಬರೆದುಕೊಳ್ಳುವುದು ಏನಿದೆ ಅಂತಾರೆ. ಈ ಎಲ್ಲ ವಾದ ಕೇಳಿ ಕೇಳಿ ನನಗೆ ಹೊಳೆದದ್ದು ಇಷ್ಟು: ಇದರಲ್ಲಿ ಮಾತಾಡುವವರೆಲ್ಲ ಅಡುಗೆ ಮನೆಯ ಹೊರಗಿನವರು. ಊರು ಸುತ್ತುವ ಟ್ರಿಪ್ಪಿನಲ್ಲೂ ಯಾರೋ ಒಬ್ಬರಿಗೆ ಕೆಲಸ ಮುಂದುವರಿಯುತ್ತಲೇ ಇರುತ್ತದೆ. ಅವರಿಗೆ ಜಾಗ ಬದಲಾಯಿತೇ ಹೊರತು ರಜೆ ಸಿಗಲಿಲ್ಲ.

ಎಲ್ಲೋ ಓದಿದ್ದು, ಒಂದೇ ರೇಟಿನಲ್ಲಿ ಎಲ್ಲ ಸೇರಿಸಿ ಕೊಡುವ ಈ ಪದ್ಧತಿಯನ್ನು ದೊಡ್ಡದು ಮಾಡಿದ್ದು ಕ್ಲಬ್ ಮೆಡ್ ಅನ್ನುವ ಕಂಪನಿ, 1950ರಲ್ಲಿ, ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ. ಆಗ ರೂಮೂ ಇರಲಿಲ್ಲ, ಟೆಂಟು. ಮಹಾಯುದ್ಧ ಮುಗಿದು ಐದು ವರ್ಷವಾಗಿತ್ತು, ಜನ ಸುಸ್ತಾಗಿದ್ದರು. ಅಂದರೆ ಇದು ಹುಟ್ಟಿದ್ದೇ ಸುಸ್ತಾದವರಿಗೆ. ಸುಸ್ತಾಗದವರು ಹೋದರೆ ಬೋರ್ ಆಗದೆ ಇನ್ನೇನಾಗುತ್ತದೆ?

ಊರು ಸುತ್ತುವವರ ಆತುರವನ್ನು ನಾನು ಇನ್ನೊಂದು ಕಡೆಯಿಂದಲೂ ನೋಡಿದ್ದೇನೆ. ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ರಸ್ತೆಗೆ ಬನ್ನಿ. ಬೆಂಗಳೂರಿನ ಕಾರು, ಬೈಕು ಸಾಲುಗಟ್ಟಿರುತ್ತವೆ. 1,478 ಮೀಟರ್ ಮೇಲೆ ಹೋಗಿ ಮಂಜಿನಲ್ಲಿ ನಿಂತು, ಸೂರ್ಯ ಕಂಡರೂ ಕಾಣದಿದ್ದರೂ ಫೋಟೋ ತೆಗೆದು, ಒಂಬತ್ತಕ್ಕೆಲ್ಲ ತಿಂಡಿಗೆ ಓಡುತ್ತಾರೆ. ಬೆಟ್ಟದ ಬುಡದಲ್ಲೇ ಭೋಗನಂದೀಶ್ವರ ಇದೆ, ಒಂಬತ್ತನೇ ಶತಮಾನದಿಂದ ಇರುವ ದೇವಸ್ಥಾನ, ಅಕ್ಕಪಕ್ಕ ಎರಡು ಗುಡಿ, ಮಧ್ಯೆ ಕಪ್ಪು ಕಲ್ಲಿನ ಕಲ್ಯಾಣ ಮಂಟಪ, ಆವರಣದಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಯಾಣಿ. ಅರ್ಧಕ್ಕರ್ಧ ಕಾರುಗಳು ಅಲ್ಲಿ ನಿಲ್ಲುವುದೇ ಇಲ್ಲ. ಹಳೇಬೀಡಿನಲ್ಲಿ ನಾವು ಮಾಡಿದ್ದೂ ಇದನ್ನೇ, ಹಾಗಾಗಿ ಬೈಯುವ ಹಕ್ಕು ನನಗಿಲ್ಲ. ಆ ಟಿಟಿ ಟ್ರಿಪ್ಪಿನ ಮರುವರ್ಷ ನಾನೊಬ್ಬನೇ ಬಸ್ಸಿನಲ್ಲಿ ಬೇಲೂರಿಗೆ ಹೋಗಿ ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲೇ ಕೂತಿದ್ದೆ. ದರ್ಪಣ ಸುಂದರಿ ಸಿಕ್ಕಿದಳು.

ಈಗ ನಿಮ್ಮ ವಿಷಯ. ಏಪ್ರಿಲ್ ಕೊನೆಯಲ್ಲಿ ಹಂಪಿ, ಬಾದಾಮಿ ಅಂದರೆ ಕಾದ ಬಾಣಲೆ. ಸುತ್ತಲೂ ಬಂಡೆ, ನೆರಳು ಕಮ್ಮಿ, 40 ಡಿಗ್ರಿ ಹತ್ತಿರದ ಬಿಸಿಲು. ಅತ್ತೆ ಮಾವ ಹತ್ತು ಗಂಟೆಯ ಮೇಲೆ ರೂಮು ಬಿಟ್ಟು ಬರಲಾಗುವುದಿಲ್ಲ, ಮಗು ಅಳುತ್ತದೆ, ನೀವು ಎರಡೂ ಕಡೆ ಓಡಾಡುತ್ತೀರಿ. ಹಂಪಿಗೇ ಎರಡು ದಿನ ಬೇಕು. ಅಲ್ಲಿಂದ ಬಾದಾಮಿಗೆ ಮತ್ತೆ 140 ಕಿಲೋಮೀಟರ್. ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳಿ. ಆಗ ಬಾದಾಮಿಯ ಮೂರನೇ ಗುಹೆ ಒಂದನ್ನೇ ಅರ್ಧ ದಿನ ನೋಡಿ, 578ನೇ ಇಸವಿಯ ಶಾಸನ ಇರುವ ಗುಹೆ ಅದು.

ರೆಸಾರ್ಟ್ ಬುಕ್ ಮಾಡುವಾಗ "ಎಲ್ಲ ಸೇರಿ" ಅಂದರೆ ಏನೇನು ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ, ಬಾಯಿ ಮಾತು ಬೇಡ. ನಮಗೆ ಕ್ಯಾಂಪ್ ಫೈರು, ಜೀಪು, ಬಾಟಲಿ ನೀರು ಎಲ್ಲ ಬೇರೆ ಬಿಲ್ ಬಂತು, ಹೊರಡುವ ದಿನ ಕೌಂಟರಿನ ಮುಂದೆ ಭಾವನ ಮುಖ ನೋಡಬೇಕಿತ್ತು. ರೇಟು ತಲೆಗೋ ರೂಮಿಗೋ ಕೇಳಿ. ರೂಮಿನ ಬೆಲೆ ರಾತ್ರಿಗೆ 7,500 ದಾಟಿದರೆ ಜಿಎಸ್‌ಟಿ 18 ಪರ್ಸೆಂಟ್, ಅದನ್ನೂ ಸೇರಿಸಿ ಕೊನೆಯ ಮೊತ್ತ ಹೇಳಿ ಅನ್ನಿ. ಇನ್ನೊಂದು ವಿಷಯ, ಎರಡು ರಾತ್ರಿ ಮೂರು ಹಗಲು ಅಂತ ಜಾಹೀರಾತಿನಲ್ಲಿ ಇರುತ್ತದೆ, ಆದರೆ ಮಧ್ಯಾಹ್ನ ಎರಡಕ್ಕೆ ಚೆಕ್ ಇನ್, ಬೆಳಗ್ಗೆ ಹನ್ನೊಂದಕ್ಕೆ ಚೆಕ್ ಔಟ್ ಅಂದರೆ ನಿಮಗೆ ಸಿಗುವುದು 45 ಗಂಟೆ. ಹನ್ನೆರಡಕ್ಕೇ ಹೋಗಿ ಬಾಗಿಲಲ್ಲಿ ಕಾಯಬೇಡಿ. ಹತ್ತಿರದಲ್ಲಿ ಒಳ್ಳೆಯ ಹೋಟೆಲ್ ಇರುವ ಊರಾದರೆ ಬರೀ ಬೆಳಗಿನ ತಿಂಡಿ ಸೇರಿದ ಪ್ಯಾಕೇಜ್ ಸಾಕು. ಕಬಿನಿಯಂಥ ಕಾಡಿನ ಜಾಗವಾದರೆ ಎಲ್ಲ ಸೇರಿದ್ದೇ ಸರಿ, ಅಲ್ಲಿ ಊಟಕ್ಕೆ ಅಂತ ಹೊರಗೆ ಎಲ್ಲಿ ಹೋಗುತ್ತೀರಿ?

ಮತ್ತೆ, ನಿಮ್ಮ ಮನೆಯಲ್ಲಿ ಅಡುಗೆ ಯಾರದು ಅಂತ ನೀವು ಬರೆದಿಲ್ಲ. ಅತ್ತೆಯವರದಾದರೆ ಈ ಪ್ರಶ್ನೆಯನ್ನು ನನ್ನ ಬದಲು ಅವರಿಗೇ ಕೇಳಿ, ಗಂಡ ಮಗ ಎದುರಿಗೆ ಇಲ್ಲದಾಗ. ನಿಮ್ಮದೇ ಆಗಿದ್ದು, ಅಷ್ಟಾದರೂ ನಿಮಗೆ ಹಂಪಿಯೇ ಬೇಕು ಅನ್ನಿಸಿದರೆ, ಮಗನನ್ನೂ ಯಜಮಾನರನ್ನೂ ಅತ್ತೆ ಮಾವನ ಜೊತೆ ರೆಸಾರ್ಟಿಗೆ ಕಳಿಸಿ, ನೀವು ಡಿಸೆಂಬರಿನಲ್ಲಿ ಒಬ್ಬ ಗೆಳತಿಯನ್ನು ಕರೆದುಕೊಂಡು ಹೊಸಪೇಟೆಗೆ ರಾತ್ರಿ ರೈಲು ಹತ್ತಿ. ಪುಳಿಯೋಗರೆ ಕಟ್ಟಿಕೊಳ್ಳಬೇಡಿ.